ಮಗುವಿನ ಉಸಿರು ಎಣಿಸುವುದನ್ನು ಪ್ರತಿ ತಾಯಿಗೂ ಕಲಿಸಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು ಮತ್ತು ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

2025ರ ಜನವರಿ 6, ಸೋಮವಾರ. ದೊಡ್ಡ ಮಗನನ್ನು ಶಾಲೆಗೆ ಕಳಿಸಿ ಬಂದು ಟಿವಿ ಹಾಕಿದರೆ ಎಲ್ಲ ಚಾನೆಲ್ಲಿನಲ್ಲೂ ಒಂದೇ ಸುದ್ದಿ. ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ, ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು, ಎಚ್‌ಎಂಪಿವಿ ಎಂಬ ವೈರಸ್ ಇರುವುದು ಪತ್ತೆಯಾಗಿದೆ ಎಂದು. ಅವತ್ತು ಷೇರುಪೇಟೆ ಕುಸಿಯಿತು. ಸಂಜೆ ಹೊತ್ತಿಗೆ ನಮ್ಮ ಪೇಟೆಯ ಮೆಡಿಕಲ್ ಶಾಪಿನಲ್ಲಿ ಮಾಸ್ಕ್ ಸಿಗದಂತಾಯಿತು. ಪಕ್ಕದ ಮನೆಯ ಅಮ್ಮ ಓಡಿ ಬಂದು, "ಮಗೂನ ಹೊರಗೆ ತರಬೇಡ ಮಾರಾಯ್ತಿ, ಎಂತದೋ ಹೊಸ ರೋಗ ಬಂದಿದ್ಯಂತೆ" ಎಂದರು.

ಹೊಸ ರೋಗ ಅದಾಗಿರಲಿಲ್ಲ. ಎಚ್‌ಎಂಪಿವಿಯನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿಸಿದ್ದೇ 2001ರಲ್ಲಿ; ಅದಕ್ಕೂ ಎಷ್ಟೋ ಮೊದಲಿನಿಂದ ಅದು ಮಕ್ಕಳ ನಡುವೆ ಓಡಾಡಿಕೊಂಡಿದೆ. ಆ ಎರಡು ಕೂಸುಗಳು ಯಾವ ಪರದೇಶಕ್ಕೂ ಹೋಗಿ ಬಂದವಲ್ಲ. ಈ ವೈರಸ್ ಮೊದಲಿನಿಂದಲೂ ನಮ್ಮ ದೇಶದಲ್ಲಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿತು. ನಿಮ್ಮ ಇಲಾಖೆಯೂ ಗಾಬರಿ ಬೇಡ ಎಂದಿತು. ಕೆಲವೇ ವಾರಗಳಲ್ಲಿ ಎಲ್ಲರೂ ಮರೆತರು.

ನನಗೆ ಆ ದಿನ ಸಂಕಟವಾದದ್ದು ಬೇರೆಯೇ ಕಾರಣಕ್ಕೆ. ಮಡಿಲಲ್ಲಿ ಮಲಗಿದ್ದ ನನ್ನ ಏಳು ತಿಂಗಳ ಮಗಳು, ಅದಕ್ಕೆ ಐದು ತಿಂಗಳ ಹಿಂದೆ ಇಂಥದ್ದೇ ಒಂದು ವೈರಸ್ಸಿಗೆ ಸಿಕ್ಕಿ ಆರು ದಿನ ಐಸಿಯುನಲ್ಲಿದ್ದು ಬಂದವಳು. ಆಗ ಯಾವ ಟಿವಿಯಲ್ಲೂ ಸುದ್ದಿ ಇರಲಿಲ್ಲ. ಯಾರೂ ಓಡಿ ಬಂದಿರಲಿಲ್ಲ. ನಾನು ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಬರೀ ಶೀತ, ಎಂತ ಆಗಲ್ಲ ಬಿಡು."

ಅದು 2024ರ ಜುಲೈ ಕೊನೆ. ನಮ್ಮದು ಮಲೆನಾಡಿನ ಒಂದು ಹಳ್ಳಿ. ಮಳೆ ಹಿಡಿದು ಹದಿನೈದು ದಿನವಾಗಿತ್ತು, ಬಟ್ಟೆ ಒಣಗುತ್ತಿರಲಿಲ್ಲ. ಎಲ್‌ಕೆಜಿಗೆ ಹೋಗುವ ಮಗ ಮೂಗು ಸೋರಿಸಿಕೊಂಡು ಮನೆಗೆ ಬಂದ. ತಂಗಿ ಎಂದರೆ ಅವನಿಗೆ ಪ್ರಾಣ. ಚೀಲ ಎಸೆದವನೇ ತೊಟ್ಟಿಲ ಹತ್ತಿರ ಹೋಗಿ ಕೆನ್ನೆಗೆ ಮುತ್ತು ಕೊಟ್ಟ. ಅವಳಿಗಾಗ ನಲವತ್ತೆಂಟು ದಿನ. ಎರಡು ದಿನಕ್ಕೆ ಅವಳ ಮೂಗು ಕಟ್ಟಿತು, ಸಣ್ಣಗೆ ಕೆಮ್ಮು ಶುರುವಾಯಿತು. ಜ್ವರ ಇರಲಿಲ್ಲ. ಜ್ವರ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಾನು ಮಾಡಿದ ಮೊದಲ ತಪ್ಪು ಅದು.

ಅಮ್ಮ ಬಾಣಂತನಕ್ಕೆಂದು ನಮ್ಮ ಮನೆಗೇ ಬಂದು ಉಳಿದಿದ್ದರು. ತಮಗೆ ಗೊತ್ತಿದ್ದನ್ನೆಲ್ಲ ಪ್ರೀತಿಯಿಂದ ಮಾಡಿದರು. ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದರು, ಬಜೆ ತೇಯ್ದು ನೆಕ್ಕಿಸಿದರು, ಮೂಗಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರು. ಹಸಿ ಸೌದೆಯ ಬಚ್ಚಲ ಒಲೆಯ ಹೊಗೆ ಬೇರೆ ಒಳಕೋಣೆಗೆ ಬರುತ್ತಿತ್ತು. ನಾನು ಬಿ.ಎಡ್. ಮಾಡಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವಳು. ನನಗೂ ಬೇಡ ಎನ್ನಬೇಕೆಂದು ಹೊಳೆಯಲಿಲ್ಲ. ಹೊಗೆ ಆ ಎಳೆಯ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತದೆ, ಮೂಗಿಗೆ ಬಿಟ್ಟ ಎಣ್ಣೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು ಎಂದು ಆಮೇಲೆ ತಿಳಿಯಿತು. ಅಮ್ಮನನ್ನು ನಾನು ದೂರುವುದಿಲ್ಲ. ಐದು ಮಕ್ಕಳನ್ನು ಹಾಗೇ ಸಾಕಿದವರು ಅವರು. ಅವರಿಗೆ ಯಾರೂ ಬೇರೆ ಹೇಳಿರಲಿಲ್ಲ.

ಮೂರನೇ ದಿನ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಮಗುವಿನ ಅಂಗಿ ಬಿಚ್ಚಿಸಲಿಲ್ಲ. ಸ್ವೆಟರ್ ಮೇಲಿಂದಲೇ ಸ್ಟೆತಸ್ಕೋಪ್ ಇಟ್ಟರು. ಒಂದು ಆಂಟಿಬಯೋಟಿಕ್ ಡ್ರಾಪ್ಸ್, ಒಂದು ಶೀತದ ಸಿರಪ್ ಬರೆದುಕೊಟ್ಟರು. ಐದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು, ಅದನ್ನೂ ಹೇಳಬೇಕು.

ನಾಲ್ಕನೇ ದಿನ ರಾತ್ರಿ ಮಗು ಮೊಲೆ ಹಿಡಿದು ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತಿತ್ತು. ಮತ್ತೆ ಹಿಡಿಯುತ್ತಿತ್ತು, ಮತ್ತೆ ಬಿಡುತ್ತಿತ್ತು. ಅಳುವುದಕ್ಕೂ ತ್ರಾಣ ಇರಲಿಲ್ಲ. ಎದೆ ಗೊರಗೊರ ಅನ್ನುತ್ತಿತ್ತು. ಸಂಜೆಯಿಂದ ಬಟ್ಟೆ ಒದ್ದೆ ಮಾಡಿಲ್ಲ ಎಂದು ನಡುರಾತ್ರಿ ಗಮನಕ್ಕೆ ಬಂತು. ಬೆಳಗಿನ ಜಾವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ನರ್ಸಮ್ಮ ಒಬ್ಬರು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮಗುವನ್ನು ಮಂಚದ ಮೇಲೆ ಮಲಗಿಸಿ, ಸ್ವೆಟರ್, ಅಂಗಿ, ಒಳಗಿನ ಬನಿಯನ್ನು ಎಲ್ಲ ಎದೆಯ ಮೇಲಕ್ಕೆ ಸರಿಸಿದರು. ನನ್ನ ಮೊಬೈಲ್ ಇಸಿದುಕೊಂಡು ಸ್ಟಾಪ್‌ವಾಚ್ ಒತ್ತಿದರು. "ಯಾರೂ ಮಾತಾಡಬೇಡಿ" ಎಂದರು. ಬಗ್ಗಿ ಆ ಪುಟ್ಟ ಹೊಟ್ಟೆಯನ್ನೇ ನೋಡುತ್ತ ತುಟಿಯಲ್ಲೇ ಎಣಿಸಿದರು. ಪೂರ್ತಿ ಒಂದು ನಿಮಿಷ.

"ಎಪ್ಪತ್ತೆರಡು. ಇಲ್ಲಿ ನೋಡಮ್ಮ" ಎಂದು ಪಕ್ಕೆ ತೋರಿಸಿದರು. ಉಸಿರು ಎಳೆದುಕೊಂಡಾಗಲೆಲ್ಲ ಎದೆಗೂಡಿನ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತಿತ್ತು. ಒಂದೊಂದು ಸಲವೂ ಮೂಗಿನ ಹೊಳ್ಳೆ ಅರಳುತ್ತಿತ್ತು. ನಾಲ್ಕು ದಿನದಿಂದ ಆ ಮಗುವನ್ನು ಎತ್ತಿಕೊಂಡೇ ಇದ್ದವಳು ನಾನು. ಮೂರು ಪದರ ಬಟ್ಟೆಯ ಕೆಳಗೆ ಇದು ನಡೆಯುತ್ತಿದ್ದದ್ದು ನನಗೆ ಕಂಡಿರಲಿಲ್ಲ.

ರಕ್ತದ ಆಮ್ಲಜನಕ ಅಳೆಯಲು ಅಲ್ಲಿದ್ದ ಆಕ್ಸಿಮೀಟರ್ ದೊಡ್ಡವರ ಬೆರಳಿಗೆ ಹಾಕುವ ಕ್ಲಿಪ್ಪು. ಮಗುವಿನ ಕಾಲಿನ ಹೆಬ್ಬೆರಳಿಗೆ ಹಾಕಿದರೆ ಜಾರಿ ಜಾರಿ ಬೀಳುತ್ತಿತ್ತು, ಅಂಕಿ ಒಂದು ಸಲ 96 ಅಂದರೆ ಇನ್ನೊಂದು ಸಲ 81 ಅನ್ನುತ್ತಿತ್ತು. ನರ್ಸಮ್ಮ ಅದನ್ನು ಪಕ್ಕಕ್ಕಿಟ್ಟು, "ನಾನು ಎಣಿಸಿದ್ದೇ ಸಾಕು, 108 ಕರೆಸಿ" ಎಂದರು. ಆಮ್ಲಜನಕ ಹಾಕಿಕೊಂಡು ಜಿಲ್ಲಾ ಕೇಂದ್ರದ ದಾರಿ ಹಿಡಿದೆವು.

ಅಲ್ಲಿ ಹೇಳಿದ ಹೆಸರು ಬ್ರಾಂಕಿಯೋಲೈಟಿಸ್. ತಂದ ವೈರಸ್ಸು ಆರ್‌ಎಸ್‌ವಿ. ಮಕ್ಕಳ ಡಾಕ್ಟರ್ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಶ್ವಾಸಕೋಶದ ತುದಿಯ ಕೊಳವೆಗಳು ಎಳೆಗೂಸಿನಲ್ಲಿ ದಾರದಷ್ಟು ಸಣ್ಣ. ವೈರಸ್ ಅವುಗಳ ಒಳಪದರವನ್ನು ಕೆಡಿಸಿದಾಗ ಊತ ಬರುತ್ತದೆ, ಸತ್ತ ಕೋಶವೂ ಲೋಳೆಯೂ ಸೇರಿ ಬಿರಟೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿ ಸಾಗುವುದು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಕಷ್ಟವಾಗುತ್ತದೆ. ಅದಕ್ಕೇ ಅಣ್ಣನಿಗೆ ಮೂರು ದಿನದ ನೆಗಡಿಯಾಗಿ ಹೋದದ್ದು ತಂಗಿಗೆ ಉಸಿರಿನ ಪ್ರಶ್ನೆಯಾಯಿತು. ವೈರಸ್ ಒಂದೇ, ಕೊಳವೆ ಬೇರೆ.

"ಇದಕ್ಕೆ ಔಷಧಿ ಅಂತ ಏನೂ ಇಲ್ಲಮ್ಮ. ಉಸಿರಿಗೆ ಆಸರೆ ಕೊಡ್ತೀವಿ, ಹೊಟ್ಟೆಗೆ ಹಾಲು ಕೊಡ್ತೀವಿ. ಮಿಕ್ಕಿದ್ದು ಮಗೂನೇ ಮಾಡ್ಕೊಳ್ಳುತ್ತೆ" ಎಂದರು ಅವರು. ಹಾಗೇ ಮಾಡಿದರು. ಮೂಗಿಗೆ ಬೆಚ್ಚಗಿನ, ತೇವದ ಆಮ್ಲಜನಕ. ಒಂದು ಸಣ್ಣ ನಳಿಕೆಯಲ್ಲಿ ನಾನು ಹಿಂಡಿ ಕೊಟ್ಟ ಹಾಲು. ಆಂಟಿಬಯೋಟಿಕ್ ನಿಲ್ಲಿಸಿದರು. ಸಿರಪ್ಪಿನ ಬಾಟಲಿ ನೋಡಿ, ಇದನ್ನು ಈ ವಯಸ್ಸಿಗೆ ಮುಟ್ಟಲೇಬಾರದು ಎಂದರು. ಆರನೇ ದಿನ ಅವಳು ತಾನಾಗಿ ಮೊಲೆ ಹಿಡಿದು ಗಟಗಟ ಕುಡಿದಳು.

ಮನೆಗೆ ಬಂದ ಮೇಲೆ ಓದತೊಡಗಿದೆ. ಆರ್‌ಎಸ್‌ವಿಯನ್ನು ಮೊದಲು ಕಂಡದ್ದು 1956ರಲ್ಲಿ, ಅಮೆರಿಕದ ಒಂದು ಪ್ರಯೋಗಾಲಯದ ಚಿಂಪಾಂಜಿಗಳಲ್ಲಿ. ಮರುವರ್ಷವೇ ಕಾಯಿಲೆಬಿದ್ದ ಕೂಸುಗಳಲ್ಲೂ ಸಿಕ್ಕಿತು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗುಲಿಯೇ ತಗುಲುತ್ತದೆ. ಬಹುಪಾಲು ಮಕ್ಕಳು ಮನೆಯಲ್ಲೇ ಗುಣವಾಗುತ್ತಾರೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಪತ್ರ ಓದಿ ಯಾವ ತಾಯಿಯೂ ಪ್ರತಿ ಸೀನಿಗೆ ಬೆಚ್ಚಬಾರದು. ಶಾಲೆಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ, ಕೆಮ್ಮು ಎರಡು ಮೂರು ವಾರ ಎಳೆಯುವುದೂ ಸಹಜ. ಆದರೆ ಆರು ತಿಂಗಳೊಳಗಿನ ಕೂಸಿನ ಲೆಕ್ಕ ಬೇರೆ. ಅಮೆರಿಕದಲ್ಲಿ ಆ ವಯಸ್ಸಿನ ಪ್ರತಿ ನೂರು ಮಕ್ಕಳಲ್ಲಿ 2–3 ಮಕ್ಕಳು ಪ್ರತಿ ವರ್ಷ ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುತ್ತಾರೆ; ಅವರಲ್ಲಿ ಹೆಚ್ಚಿನವರು ದಿನ ತುಂಬಿ ಹುಟ್ಟಿದ, ಬೇರೆ ಕಾಯಿಲೆ ಇಲ್ಲದ ಮಕ್ಕಳು. ಜಗತ್ತಿನಾದ್ಯಂತ 2019ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳ ಸಾವಿಗೆ ಈ ವೈರಸ್ ಕಾರಣವಾಗಿತ್ತು ಎಂಬ ಅಂದಾಜಿದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆರು ತಿಂಗಳು ತುಂಬದ ಕೂಸುಗಳು. ನೂರಕ್ಕೆ 97ಕ್ಕೂ ಹೆಚ್ಚು ಸಾವು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅಲ್ಲಿಗೂ ಇಲ್ಲಿಗೂ ವೈರಸ್ ಬೇರೆಯಲ್ಲ. ಆಸ್ಪತ್ರೆ ಎಷ್ಟು ದೂರ, ತಾಯಿಗೆ ಯಾವಾಗ ಗೊತ್ತಾಯಿತು, ಆಮ್ಲಜನಕ ಎಷ್ಟು ಹೊತ್ತಿಗೆ ಸಿಕ್ಕಿತು, ಇವೇ ಬೇರೆ.

ಆರ್‌ಎಸ್‌ವಿ ಒಂದೇ ಅಲ್ಲ. ಇನ್‌ಫ್ಲುಯೆಂಜಾ ಇದೆ, ಎಚ್‌ಎಂಪಿವಿ ಇದೆ, ಪ್ಯಾರಾಇನ್‌ಫ್ಲುಯೆಂಜಾ ಇದೆ. 2023ರ ಆರಂಭದಲ್ಲಿ ಅಡಿನೋವೈರಸ್‌ನಿಂದ ಕೋಲ್ಕತ್ತಾದ ಮಕ್ಕಳ ವಾರ್ಡುಗಳು ತುಂಬಿಹೋಗಿದ್ದವು. ಹಳ್ಳಿಯ ತಾಯಿಗೆ ಇವುಗಳ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಪರೀಕ್ಷೆ ಮಾಡಿಸಿದರೂ ಹೆಚ್ಚಿನವಕ್ಕೆ ಚಿಕಿತ್ಸೆ ಅದೇ: ಉಸಿರಿಗೆ ಆಸರೆ, ಹೊಟ್ಟೆಗೆ ಹಾಲು. ಅವಳಿಗೆ ಗೊತ್ತಿರಬೇಕಾದ್ದು ಮೂರು ಅಂಕಿ. ಎರಡು ತಿಂಗಳೊಳಗಿನ ಕೂಸಿನ ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ತಡಮಾಡಬಾರದು. ಅಂಕಿ ಏನೇ ಇರಲಿ, ಪಕ್ಕೆ ಒಳಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಗಟ್ಟಿದರೆ, ನಡುನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ಆ ಕ್ಷಣವೇ ಹೊರಡಬೇಕು. ಎರಡು ಮೂರು ತಿಂಗಳ ಕೂಸಿನಲ್ಲಿ ಕೆಮ್ಮಿಗಿಂತ ಮೊದಲು ಉಸಿರು ನಿಲ್ಲುವುದೇ ಮೊದಲ ಲಕ್ಷಣವಾಗಿಬಿಡಬಹುದು. ಜ್ವರ ಇದ್ದೇ ಇರಬೇಕೆಂದಿಲ್ಲ. ಹೆಚ್ಚಾಗಿ ಬಿಗಡಾಯಿಸುವುದು ಕಾಯಿಲೆ ಶುರುವಾದ ಮೂರರಿಂದ ಐದನೇ ದಿನ. ಮೊದಲ ದಿನ ಡಾಕ್ಟರು "ಪರವಾಗಿಲ್ಲ" ಎಂದದ್ದು ನಾಲ್ಕನೇ ದಿನಕ್ಕೆ ಅನ್ವಯಿಸುವುದಿಲ್ಲ.

ಈ ಅಂಕಿಗಳು ನಿಮ್ಮ ಇಲಾಖೆಗೆ ಹೊಸದಲ್ಲ ಎಂದು ನನಗೆ ಗೊತ್ತು. ನಿಮ್ಮ ಆಶಾ ಕಾರ್ಯಕರ್ತೆಯರ ತರಬೇತಿಯಲ್ಲೇ ಇವೆ. ಮಕ್ಕಳ ನ್ಯುಮೋನಿಯಾ ತಡೆಯಲು 2019ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ಸಾನ್ಸ್' ಅಭಿಯಾನದ ಮೂಲವೂ ಇವೇ. ಹಾಗಿದ್ದೂ ನಮ್ಮ ಮನೆಗೆ ಏಕೆ ತಲುಪಲಿಲ್ಲ ಎಂದು ಯೋಚಿಸಿದಾಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಈ ಪತ್ರ ಬರೆಯಲು ಕಾರಣವೇ ಅವು.

ಮೊದಲನೆಯದು ದಿನಗಳ ಲೆಕ್ಕ. ನಮ್ಮ ಆಶಾ ಅಕ್ಕ ಬಹಳ ನಿಯತ್ತಿನವರು. ಹೆರಿಗೆಯಾದ 3, 7, 14, 21, 28ನೇ ದಿನ ತಪ್ಪದೆ ಬಂದರು, ಮಳೆಯಲ್ಲಿ ಕೊಡೆ ಹಿಡಿದು 42ನೇ ದಿನವೂ ಬಂದು ತೂಕ ನೋಡಿ ಹೋದರು. ಅಲ್ಲಿಗೆ ನವಜಾತ ಶಿಶುವಿನ ಮನೆಭೇಟಿ ಮುಗಿಯಿತು. ಮುಂದಿನ ಮನೆಭೇಟಿ ನಿಯಮದ ಪ್ರಕಾರ ಮೂರನೇ ತಿಂಗಳಿಗೆ. ನನ್ನ ಮಗಳಿಗೆ ಉಸಿರು ಕಟ್ಟಿದ್ದು 53ನೇ ದಿನ. 42ನೇ ದಿನಕ್ಕೂ ಮೂರನೇ ತಿಂಗಳಿಗೂ ನಡುವೆ ಯಾರೂ ಬಾಗಿಲು ತಟ್ಟದ ಸುಮಾರು ಏಳು ವಾರ ಇದೆಯಲ್ಲ, ಆರ್‌ಎಸ್‌ವಿ ಕೂಸುಗಳನ್ನು ಅತಿ ಜೋರಾಗಿ ಹಿಡಿಯುವ ವಯಸ್ಸು ಅದೇ.

ಎರಡನೆಯದು ತಿಂಗಳ ಲೆಕ್ಕ. ಸಾನ್ಸ್ ಅಭಿಯಾನ ಪ್ರತಿ ವರ್ಷ ನವೆಂಬರ್ 12ಕ್ಕೆ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಉತ್ತರದ ಚಳಿಗೆ ಅದು ಸರಿ. ನನ್ನ ಮಗಳಿದ್ದ ವಾರ್ಡಿನಲ್ಲಿ ಜುಲೈ ಕೊನೆಯಲ್ಲೇ ಒಂದು ಮಂಚವೂ ಖಾಲಿ ಇರಲಿಲ್ಲ. ಮಳೆ ಶುರುವಾದಾಗಿನಿಂದ ದೀಪಾವಳಿ ತನಕ ಹೀಗೇ ಎಂದು ಅಲ್ಲಿಯ ಆಯಾ ಹೇಳಿದರು. ನಮ್ಮ ಕಡೆ ಅಭಿಯಾನದ ಬ್ಯಾನರ್ ಕಟ್ಟುವ ಹೊತ್ತಿಗೆ ಕಷ್ಟದ ಕಾಲ ಕಳೆದಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಆ ಏಳು ವಾರದಲ್ಲಿ ಯಾರೂ ಮನೆಗೆ ಬರದಿದ್ದರೂ ತಾಯಿ ನಿಮ್ಮ ಬಳಿಗೆ ಬರುತ್ತಾಳೆ. ಆರನೇ, ಹತ್ತನೇ, ಹದಿನಾಲ್ಕನೇ ವಾರ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಚುಚ್ಚಿಸಲು ಬಂದೇ ಬರುತ್ತಾಳೆ. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುತ್ತೀರಿ. ಆ ಅರ್ಧ ಗಂಟೆಯಲ್ಲಿ ಒಂದೇ ಒಂದು ನಿಮಿಷ, ಮಗು ನಿದ್ದೆ ಹೋದಾಗ, ಅದರ ಅಂಗಿ ಎತ್ತಿಸಿ ತಾಯಿಯ ಕೈಯಿಂದಲೇ ಉಸಿರು ಎಣಿಸಿಸಿ. ಹೇಳಿದರೆ ಸಾಲದು, ಎಣಿಸಿಸಬೇಕು. ಆರೋಗ್ಯವಾಗಿರುವಾಗ ತನ್ನ ಮಗುವಿನ ಉಸಿರು ಹೇಗಿರುತ್ತದೆಂದು ಒಮ್ಮೆ ಕಂಡವಳಿಗೆ, ಕೆಟ್ಟಾಗ ಗುರುತು ಸಿಗುತ್ತದೆ. ಎಣಿಸಿದ ಅಂಕಿಯನ್ನು ತಾಯಿ ಕಾರ್ಡಿನಲ್ಲಿ ತೂಕದ ಪಕ್ಕ ಬರೆಯಿಸಿ. ಅಜ್ಜಿಯರೂ ಜೊತೆಗೆ ಬಂದಿರುತ್ತಾರೆ. ಹೊಗೆ ಬೇಡ, ಮೂಗಿಗೆ ಎಣ್ಣೆ ಬೇಡ, ಮೂಗು ಕಟ್ಟಿದರೆ ಉಪ್ಪುನೀರಿನ ಸಲೈನ್ ಹನಿ ಸಾಕು ಎಂದು ಅವರಿಗೂ ಗೌರವದಿಂದ ಹೇಳಿ. ನಮ್ಮಮ್ಮ ಈಗ ಊರಿನವರಿಗೆಲ್ಲ ಅದನ್ನೇ ಹೇಳುತ್ತಾರೆ. ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ ಅಭಿಯಾನವನ್ನು ಜೂನ್‌ನಲ್ಲೇ ಶುರುಮಾಡಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಎಳೆಮಕ್ಕಳ ಪಾದಕ್ಕೆ ಸುತ್ತುವ ಪ್ರೋಬ್ ಇರುವ ಆಕ್ಸಿಮೀಟರ್ ಇದೆಯೇ ಎಂದು ಮಳೆಗೆ ಮೊದಲು ಒಮ್ಮೆ ವಿಚಾರಿಸಿ.

ಸಿರಪ್ಪಿನ ಬಗ್ಗೆಯೂ ಒಂದು ಮಾತು. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಔಷಧಿ ಕೊಡಬಾರದು, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಸೂಚನೆಯೇ ಇದೆ. ಆ ಮಕ್ಕಳ ತಾಯಂದಿರೂ ನನ್ನ ಹಾಗೆಯೇ ಯಾವುದೋ ಶೀತಕ್ಕೆಂದು ಬಾಟಲಿ ತಂದಿದ್ದವರು. ಅದನ್ನು ನೆನೆದಾಗಲೆಲ್ಲ ನನ್ನ ಕೈ ತಣ್ಣಗಾಗುತ್ತದೆ. ಆ ಸೂಚನೆ ಪ್ರತಿ ಮೆಡಿಕಲ್ ಶಾಪಿನ ಗಲ್ಲಾದ ಮುಂದೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು.

ಇನ್ನು ಲಸಿಕೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿಗೆ ಒಂದು ಲಸಿಕೆ ಮಾಡಿ ಮಕ್ಕಳಿಗೆ ಕೊಟ್ಟಾಗ, ಮುಂದೆ ವೈರಸ್ ತಗುಲಿದ ಮಕ್ಕಳಲ್ಲಿ ಕಾಯಿಲೆ ಇನ್ನೂ ಕ್ರೂರವಾಗಿ, ಎರಡು ಕೂಸುಗಳು ಸತ್ತವು. ಆ ಪೆಟ್ಟಿನಿಂದ ವಿಜ್ಞಾನ ಚೇತರಿಸಿಕೊಳ್ಳಲು ಅರ್ಧ ಶತಮಾನ ಹಿಡಿಯಿತು. ಈಗ ದಾರಿ ಎರಡಿವೆ. ಬಸುರಿಗೆ ಕೊನೆಯ ತಿಂಗಳುಗಳಲ್ಲಿ ಕೊಟ್ಟರೆ ಹೊಟ್ಟೆಯೊಳಗಿನ ಮಗುವಿಗೆ ರಕ್ಷಣೆ ಇಳಿಯುವ ಲಸಿಕೆ ಒಂದು, ಹುಟ್ಟಿದ ಕೂಸಿಗೇ ಒಂದು ಸಲ ಕೊಡುವ, ವೈರಸ್ ತಡೆಯುವ ಪ್ರತಿಕಾಯದ (ಆಂಟಿಬಾಡಿ) ಚುಚ್ಚುಮದ್ದು ಇನ್ನೊಂದು. ಚುಚ್ಚುಮದ್ದನ್ನು 2023ರಲ್ಲಿ ಎಲ್ಲ ಕೂಸುಗಳಿಗೂ ಕೊಡತೊಡಗಿದ ಸ್ಪೇನಿನ ಗಲೀಸಿಯಾದಲ್ಲಿ, ಅದನ್ನು ಪಡೆದ ಮಕ್ಕಳು ಈ ಕಾಯಿಲೆಗೆ ಆಸ್ಪತ್ರೆ ಸೇರುವುದು ಶೇ 80ಕ್ಕೂ ಹೆಚ್ಚು ತಗ್ಗಿತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಲ್ಲ ದೇಶಗಳೂ ಎರಡರಲ್ಲಿ ಒಂದನ್ನು ತರಬೇಕೆಂದಿತು. ನಮ್ಮ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇವೆರಡೂ ಇಲ್ಲ. ಬೆಲೆ ದುಬಾರಿ ಎಂದು ನನಗೂ ಗೊತ್ತು. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯೂ ಒಂದು ಕಾಲಕ್ಕೆ ಉಳ್ಳವರ ಮಕ್ಕಳಿಗೆ ಮಾತ್ರ ಇತ್ತು. 2017ರಲ್ಲಿ ಕೆಲವು ರಾಜ್ಯಗಳಿಂದ ಶುರುವಾಗಿ 2021ಕ್ಕೆ ದೇಶದ ಎಲ್ಲ ಮಕ್ಕಳಿಗೂ ಉಚಿತವಾಯಿತು. ಕರ್ನಾಟಕ ಕೇಂದ್ರದ ಮುಂದೆ ಈ ಮಾತನ್ನು ಗಟ್ಟಿಯಾಗಿ ಎತ್ತಲಿ.

2025ರ ಮೇ ಕೊನೆಯಲ್ಲಿ, ಕೋವಿಡ್ ಮತ್ತೆ ತಲೆಯೆತ್ತಿದಾಗ, ಜ್ವರ ಕೆಮ್ಮು ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ಸರ್ಕಾರ ಸುತ್ತೋಲೆ ಹೊರಡಿಸಿತ್ತು. ನಮ್ಮ ಶಾಲೆಯ ನೋಟಿಸ್ ಬೋರ್ಡಿಗೆ ಅದನ್ನು ಅಂಟಿಸಿದವಳು ನಾನೇ. ಅದು ಆ ವರ್ಷಕ್ಕೆ ಮುಗಿಯದೆ ಪ್ರತಿ ಮಳೆಗಾಲಕ್ಕೂ ಬರಲಿ; ಮನೆಯಲ್ಲಿ ಹಸುಗೂಸು ಇದ್ದರೆ ಶಾಲೆಯಿಂದ ಬಂದ ಮಗು ಕೈ ಮುಖ ತೊಳೆದೇ ತೊಟ್ಟಿಲ ಹತ್ತಿರ ಹೋಗಬೇಕೆಂಬ ಒಂದು ಸಾಲು ಅದರಲ್ಲಿ ಸೇರಲಿ. ನನ್ನ ಮಗ ಈಗಲೂ ಒಮ್ಮೊಮ್ಮೆ ಕೇಳುತ್ತಾನೆ, "ಅಮ್ಮಾ, ಪುಟ್ಟಿಗೆ ಹುಷಾರಿಲ್ದೆ ಆಗಿದ್ದು ನಂದೇ ತಪ್ಪಾ?" ಎಂದು. ಅಲ್ಲ ಮಗನೇ ಎನ್ನುತ್ತೇನೆ. ನಿಜಕ್ಕೂ ಅಲ್ಲ.

ನಮ್ಮ ಓಣಿಯಲ್ಲಿ ಈಗ ಒಬ್ಬಳು ಏಳು ತಿಂಗಳ ಬಸುರಿ ಇದ್ದಾಳೆ, ಚೊಚ್ಚಲು. ಜುಲೈ ಮೊದಲ ವಾರಕ್ಕೆ ದಿನ ಕೊಟ್ಟಿದ್ದಾರೆ. ಮಗುವಿಗೆ ಆರು ವಾರ ತುಂಬುವುದು ಆಗಸ್ಟ್ ನಡುವಿಗೆ, ನಮ್ಮಲ್ಲಿ ಇನ್ನೂ ಮಳೆ ಬಿಟ್ಟಿರುವುದಿಲ್ಲ. ಮೊನ್ನೆ ಅವಳನ್ನು ಕೂರಿಸಿಕೊಂಡು, ನಿದ್ದೆ ಮಾಡುತ್ತಿದ್ದ ನನ್ನ ಮಗಳ ಹೊಟ್ಟೆ ತೋರಿಸಿ ಎಣಿಸಿಸಿದೆ. ಮೊದಲ ಸಲ ತಪ್ಪಿದಳು, ಎರಡನೇ ಸಲ ಸರಿಯಾಗಿ ಇಪ್ಪತ್ತಾರು ಎಂದಳು. ಆಗಸ್ಟ್‌ನಲ್ಲಿ ಅವಳು ಲಸಿಕೆ ಹಾಕಿಸಲು ನಿಮ್ಮ ಉಪಕೇಂದ್ರಕ್ಕೆ ಬಂದಾಗ, ಅಲ್ಲಿಯ ಸಿಸ್ಟರ್ ಕೈಗೆ ನಿಮ್ಮ ಸುತ್ತೋಲೆ ತಲುಪಿರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ವಂದನೆಗಳೊಂದಿಗೆ,
ಇಬ್ಬರು ಮಕ್ಕಳ ತಾಯಿ, ಶಾಲಾ ಶಿಕ್ಷಕಿ
ಮಲೆನಾಡು